ರೈಟ್, ಪೋಯಿ

ಎಂಟನೇ ಬಿ. ನಲವತ್ತೊಂದು ಮಕ್ಕಳು.
ಜೂನ್ ಮುಗಿಯುವಷ್ಟರಲ್ಲಿ ಆ ಮಾತು ಒಳಗೆ ಬಂದಾಗಿತ್ತು.
ಪಾಠ ನಿಲ್ಲಿಸಿ ನೀರು ಕುಡಿದರೆ, ರೈಟ್, ಪೋಯಿ.
ಗಾದೆ ಬರೆದು ಬೋರ್ಡಿನಿಂದ ತಿರುಗಿದರೆ, ರೈಟ್, ಪೋಯಿ.
ಪ್ರಾರ್ಥನೆಯ ಕೊನೆಯ ಸಾಲು ಇನ್ನೂ ಗಾಳಿಯಲ್ಲಿರುವಾಗಲೇ
ಯಾರದೋ ಮೂಗಿನಿಂದ, ಸಣ್ಣಗೆ, ಸಿಳ್ಳೆ ಸಮೇತ.

ಸ್ಟೇಟ್‌ಬ್ಯಾಂಕಿನ ಕಂಡಕ್ಟರುಗಳ ಮಾತು ಅದು,
ಫುಟ್‌ಬೋರ್ಡಿನಲ್ಲಿ ಒಂಟಿಕಾಲಲ್ಲಿ ನಿಂತು
ತಗಡಿಗೆ ಬಡಿದು ಹೇಳುವಂಥದ್ದು.
ನನ್ನ ಕ್ಲಾಸಿಗೆ ಟಿಕೇಟಿಲ್ಲದೆ ಹತ್ತಿತ್ತು.

"ಶುರು ಮಾಡಿದ್ದು ಯಾರು? ಶುಕ್ರವಾರಕ್ಕೆ ಹೆಸರು ಬೇಕು"
ಎಂದರು ಹೆಡ್‌ಮಿಸ್ಸು.

ಹಿಂದಿನ ಬೆಂಚಿನ ಲೆನಿಟನನ್ನು ಕರೆದೆ.
ಯಾವತ್ತೂ ಕರೆಯುವುದು ಅವನನ್ನೇ,
ಹೆಸರು ಹೇಳುವ ಮೊದಲೇ ಎದ್ದಿದ್ದ.
"ನಾನಲ್ಲ ಮಿಸ್, ಹಿತೈಷ್ ಹೇಳಿದ್ದು ಕೇಳಿ ಹೇಳಿದ್ದು."
ಹಿತೈಷನಿಗೆ ಟ್ಯೂಶನ್ನಿನ ಶಮ್ನಾಜ್,
ಶಮ್ನಾಜಳಿಗೆ ಖೋಖೋ ಟೀಮಿನ ಯಶಿಕಾ,
ಯಶಿಕಾಳಿಗೆ?
"ನೆನಪಿಲ್ಲ ಮಿಸ್. ಎಲ್ಲರೂ ಹೇಳ್ತಿದ್ರು."

ಎಲ್ಲರೂ. ಹಾಜರಿ ಪುಸ್ತಕದಲ್ಲಿಲ್ಲದ ಹೆಸರು.
ಒಂದು ದಿನವೂ ರಜೆ ಹಾಕಿದ್ದಿಲ್ಲ.

ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಲ್ಲಿ ಬಾಣ ಎಳೆಯುತ್ತ ಹೋದೆ.
ಒಂದೇ ಬೆಂಚಿನವರ ನಡುವೆ ಬಾಣವಿಲ್ಲ,
ಕುದ್ರೋಳಿಯಿಂದ ಬೋಳಾರಕ್ಕೆ ಉಂಟು.
ಒಂದು ಆಟೋದಲ್ಲಿ ಒಂಬತ್ತು ಮಂದಿ
ತೊಡೆಯ ಮೇಲೆ ತೊಡೆ ಹಾಕಿ ಬರುವಲ್ಲಿ ಉಂಟು.
ಒಂದು ಉಪ್ಪಿನ ಮಾವಿನಕಾಯಿ ಯಾವ ಆರು ಬಾಯಿಗೆ ಹೋಯಿತೋ
ಅದೇ ದಾರಿಯಲ್ಲಿ ಮಾತೂ ಹೋಗಿತ್ತು.
ಜುಲೈಯಲ್ಲಿ ನಾನು ಜಾಗ ಬದಲಿಸಿದ್ದೆನಲ್ಲ,
ಹುಡುಗ, ಹುಡುಗಿ, ಹುಡುಗ, ಹುಡುಗಿ,
ಎಷ್ಟು ಜಾಣತನ ಅಂದುಕೊಂಡು!

ಹಾಳೆಯಲ್ಲಿ ಕೇಳದ್ದೂ ಕಂಡಿತು.
ಹನ್ನೊಂದು ಹುಡುಗರು ಎಡತೋಳು ಮಾತ್ರ ಮಡಚುವುದು
ಒಬ್ಬನ ಕೈ ಮುರಿದು ಪ್ಲಾಸ್ಟರಿನಲ್ಲಿ ಇದ್ದದ್ದರಿಂದ.
ಲೆಕ್ಕ ಬಂದರೂ ಕೈಯೆತ್ತದ ಮೂವರು ಹುಡುಗಿಯರು,
ಮೂವರೂ ಉಣ್ಣುವುದು ಯಶಿಕಾಳ ಜೊತೆ.
ಯಶಿಕಾಳಿಗೆ ಲೆಕ್ಕ ಬರುವುದಿಲ್ಲ.

ಕೊನೆಯ ಬಾಣ ಹೋಗಿ ನಿಂತದ್ದು ಲವೀನಾ ಕ್ರಾಸ್ತಾಳ ಹತ್ತಿರ.
ಅಪ್ಪ ಉಳ್ಳಾಲ ರೂಟಿನ ಕಂಡಕ್ಟರ್.
ಅವಳ ಬಾಯಲ್ಲಿ "ಪ್ರೆಸೆಂಟ್ ಮಿಸ್" ಬಿಟ್ಟು
ಬೇರೆ ಕೇಳಿದ್ದೇ ನಾನು ಅವತ್ತು.
"ಕೀರ್ತೇಶ್ ಓದ್ತಾ ಇದ್ದ ಮಿಸ್. ಪ ಹತ್ರ ಸಿಕ್ಕಿಬಿದ್ದ.
ಪ, ಪ, ಪ ಅಂತ. ಎಲ್ಲ ನಗ್ಲಿಕ್ಕೆ ರೆಡಿ ಇದ್ರು.
ನೀವು ಕಿಟಕಿ ಹೊರಗೆ ನೋಡ್ತಿದ್ರಿ.
ಅಪ್ಪ ಹೇಳುವ ಹಾಗೆ ಮೆಲ್ಲ ಹೇಳಿದೆ, ಹಿಂದಿನಿಂದ.
ಹೋದ ಮಿಸ್ ಅವ. ಪುಟ ಮುಗಿಸಿದ."

ಹಾಳೆ ಮಡಚಿ ಪರ್ಸಿನಲ್ಲಿಟ್ಟೆ.
ಶುಕ್ರವಾರ ಹೆಡ್‌ಮಿಸ್ಸಿಗೆ ಹೇಳಿದೆ: ಎಲ್ಲರೂ.

ಇಲ್ಲಿಗೇ ಮುಗಿದಿದ್ದರೆ ಒಳ್ಳೆಯದಿತ್ತು.

ಆಗಸ್ಟಿನಲ್ಲಿ ನೀಲವ್ವ ಬಂದಳು, ರೋಣದ ಕಡೆಯವಳು.
ಬಿಜೈಯಲ್ಲಿ ಏಳುತ್ತಿರುವ ಫ್ಲ್ಯಾಟಿಗೆ ಅವಳಪ್ಪ ಕಾಂಕ್ರೀಟು ಹಾಕುತ್ತಾನೆ.
"ಓದಾಕತ್ತೀನ್ರಿ" ಎಂದಳು, ಎದ್ದು ನಿಂತು.
ನಲವತ್ತೊಂದು ತಲೆ, ಒಂದೇ ಕತ್ತು.
ಎರಡನೇ ಸಾಲಿನಲ್ಲಿ ತಡವರಿಸಿದಳು.
"ರೈಟ್, ಪೋಯಿ!"
ಕೂಗಿದವನು ಕೀರ್ತೇಶ್. ಪ ಸಲೀಸಾಗಿ ಬಂದಿತ್ತು.
ನಗು ಅಂಗಡಿಯ ಶಟರಿನಂತೆ ಇಳಿಯಿತು.
ಲವೀನಾಳೂ ನಕ್ಕಳು, ಹಲ್ಲು ಕಾಣದಷ್ಟು.

ಯಾರನ್ನು ಬೈಯಲಿ?
ಅವತ್ತೇ ಬೆಳಗ್ಗೆ ಸ್ಟಾಫ್‌ರೂಮಿನಲ್ಲಿ ಪಿ.ಟಿ. ಮಾಸ್ಟ್ರು
ಅವಳ "ಹೌದ್ರೀ" ಮಾಡಿ ತೋರಿಸಿದಾಗ
ಎಲ್ಲರೂ ನಕ್ಕಿದ್ದರು.
ಎಲ್ಲರೂ ಎಂದರೆ, ಚಹಾ ಚೆಲ್ಲುವಷ್ಟು, ನಾನೂ.

ಇವತ್ತು ಮತ್ತೆ ಅವಳ ಸರದಿ.
ಪುಸ್ತಕವನ್ನು ಮುಖಕ್ಕೆ ತೀರ ಹತ್ತಿರ ಹಿಡಿದಿದ್ದಾಳೆ.
ಮೂರು ಸಾಲು ಬಂತು. ನಾಲ್ಕನೆಯದರ ನಡುವೆ
ಯಾವುದೋ ಒತ್ತಕ್ಷರಕ್ಕೆ ನಿಂತಿತು.

ಮಕ್ಕಳು ಅವಳನ್ನು ನೋಡುತ್ತಿಲ್ಲ. ನನ್ನನ್ನೂ.
ಓರೆಗಣ್ಣಿನಲ್ಲಿ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ,
ಮೊದಲು ಯಾರು, ಮತ್ತು ಯಾವ ಧ್ವನಿಯಲ್ಲಿ.
ಲವೀನಾಳ ತುಟಿ ತುಸು ತೆರೆದಿದೆ.
ಕೀರ್ತೇಶನದೂ.

ನಾನು ಈ ಸಲ ಕಿಟಕಿಯ ಹೊರಗೆ ನೋಡುತ್ತಿಲ್ಲ.
ಕೇಳುತ್ತಿದೆ ಅಷ್ಟೆ: ಕೆಳಗೆ ಸ್ಟಾಪಿನಲ್ಲಿ
ಬಸ್ಸೊಂದು ಇಂಜಿನು ಆರಿಸದೆ
ನಡುಗುತ್ತ ನಿಂತದ್ದು.